ಮಡಿಕೆಯಲ್ಲಿ ಬಿಳಿ ಗೆರೆ: ಕಾಗದದ ಕೆಲಸದ ಒಂದು ಪ್ರಕರಣ

ಹಿನ್ನೆಲೆ

ಮನೆಯಲ್ಲೇ ಕುಳಿತು ಶುಭಾಶಯ ಪತ್ರ, ಆಮಂತ್ರಣ ಪತ್ರ, ಕಾಗದದ ಅಲಂಕಾರ ಮಾಡಿಕೊಡುವವರೊಡನೆ ನನಗೆ ಹಲವು ವರ್ಷಗಳ ಒಡನಾಟವಿದೆ. ಅವರ ಕೆಲಸ ಎಲ್ಲಿ ಕೈಕೊಟ್ಟಿತು, ಹೇಗೆ ದಡ ಸೇರಿತು ಎಂಬುದನ್ನು ಕೇಳಿ ಬರೆದಿಡುತ್ತೇನೆ. ಇಲ್ಲಿರುವುದು ಇಬ್ಬರು ಸಹೋದರಿಯರು ಒಪ್ಪಿಕೊಂಡ ಒಂದು ಆರ್ಡರಿನ ವಿಷಯ. ಬರೆಯಲು ಅವರ ಅನುಮತಿ ಇದೆ. ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಬ್ಬರನ್ನೂ ಅಕ್ಕ, ತಂಗಿ ಎಂದೇ ಕರೆಯುತ್ತೇನೆ. ಕೆಲಸ ಕೊಟ್ಟವರು ಗ್ರಾಹಕಿ.

ಅಕ್ಕನ ಕೈ ಕಾರ್ಡಿಗೆ ಪಳಗಿದ ಕೈ. ಸ್ಟೀಲ್ ಸ್ಕೇಲ್ ಇಟ್ಟು ಕಟರ್ ಎಳೆದರೆ ಅಂಚು ದಾರ ಹಿಡಿದಂತೆ ನೇರ ಬರುತ್ತದೆ, ಅಂಟು ಎಂದೂ ಹೊರಗೆ ಇಣುಕುವುದಿಲ್ಲ. ತಂಗಿಯದು ಅಲಂಕಾರದ ಪಾಲು: ಟಿಶ್ಯೂ ಕಾಗದದ ಚೆಂಡುಗಳು, ಕ್ರೇಪ್ ಕಾಗದದ ಹೂಗಳು, ದಾರಕ್ಕೆ ಪೋಣಿಸಿದ ತೋರಣಗಳು. ಗ್ರಾಹಕರೊಂದಿಗೆ ಮಾತುಕತೆ, ಲೆಕ್ಕಪತ್ರ ಕೂಡ ಅವರದೇ. ಇಬ್ಬರೂ ಹೊಸಬರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂಥ ಪ್ರಕರಣಗಳನ್ನು ಓದುವಾಗ ‘ಅನುಭವ ಇಲ್ಲದವರು ಮಾಡಿದರೆ ಹೀಗೇ’ ಎಂದು ಪಕ್ಕಕ್ಕಿಡುವುದು ತೀರಾ ಸುಲಭ.

ಅವರು ಹೆಚ್ಚಾಗಿ ಮಾಡುತ್ತಿದ್ದದ್ದು ಚಿಕ್ಕ ಕಾರ್ಡು. ಎ4 ಅಳತೆಯ ದಪ್ಪ ಹಾಳೆಯನ್ನು ನಡುವೆ ಕತ್ತರಿಸಿದರೆ ಎರಡು ಎ5 ತುಂಡುಗಳು ಸಿಗುತ್ತವೆ. ಒಂದೊಂದನ್ನೂ ನಡುವೆ ಮಡಿಸಿದರೆ ಎ6 ಕಾರ್ಡು, ಅಂದರೆ 105 × 148 ಮಿಲಿಮೀಟರ್. 114 × 162 ಮಿಲಿಮೀಟರಿನ ಸಿ6 ಲಕೋಟೆಯಲ್ಲಿ ಅದು ಸಲೀಸಾಗಿ ಕೂರುತ್ತದೆ. ಹಾಳೆ 300 ಜಿಎಸ್‌ಎಂನದು, ಅಂದರೆ ಒಂದು ಚದರ ಮೀಟರಿಗೆ 300 ಗ್ರಾಂ ತೂಗುವಂಥದು, ಕಡುಗೆಂಪು. ಅದರ ಬಣ್ಣ ಇರುವುದು ಎರಡೂ ಮೇಲ್ಮೈಗಳಲ್ಲಿ ಮಾತ್ರ, ಒಳತಿರುಳು ಬಿಳಿ. ಆ ಬಿಳಿ ತಿರುಳಿನ ಬಗ್ಗೆ ಅವರು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಯೋಚಿಸುವ ಸಂದರ್ಭವೇ ಬಂದಿರಲಿಲ್ಲ.

ಗ್ರಾಹಕಿಯ ತಂದೆತಾಯಿಯ ಮದುವೆಗೆ 50 ವರ್ಷ ತುಂಬುತ್ತಿತ್ತು. 120 ಆಮಂತ್ರಣ ಪತ್ರಗಳು, ಜೊತೆಗೆ ಸಮಾರಂಭದ ಸಭಾಂಗಣಕ್ಕೆ ಕಾಗದದ ಅಲಂಕಾರ. ಕೈಯಲ್ಲಿ ಐದು ವಾರ. ಅದರಲ್ಲಿ ಕಾರ್ಡುಗಳು ಮೊದಲ ಮೂರು ವಾರದೊಳಗೆ ಅಂಚೆಗೆ ಹೋಗಬೇಕು. ಗ್ರಾಹಕಿ ಯಾರದೋ ಮನೆಯಲ್ಲಿ ಇವರ ಚಿಕ್ಕ ಕಾರ್ಡನ್ನು ನೋಡಿದ್ದರು. “ಇದೇ ಇರಲಿ, ಸ್ವಲ್ಪ ದೊಡ್ಡದಾಗಿ ಮಾಡಿಕೊಡಿ” ಎಂದರು. ಸ್ವಲ್ಪ ದೊಡ್ಡದು ಎಂದರೆ ಎ4 ಹಾಳೆಯನ್ನು ಕತ್ತರಿಸದೆ ಹಾಗೇ ನಡುವೆ ಮಡಿಸಿದ ಎ5 ಕಾರ್ಡು ಎಂದು ಮಾತಾಯಿತು. ಕತ್ತರಿಸುವ ಕೆಲಸ ಒಂದು ಉಳಿಯಿತಲ್ಲ ಎಂದು ಅಕ್ಕನಿಗೆ ಸಮಾಧಾನವೂ ಆಯಿತು.

ಮಾದರಿ ಕೇಳಿದಾಗ ಅವರು ಕಳಿಸಿದ್ದು ಅದೇ ಹಾಳೆಯ ಹಳೆಯ ಚಿಕ್ಕ ಕಾರ್ಡು. ಜೊತೆಗೆ ದೊಡ್ಡ ಅಳತೆಗೆ ಕತ್ತರಿಸಿದ ಬಿಳಿ ಕಾಗದದ ತುಂಡು, ಗಾತ್ರ ಅಂದಾಜಾಗಲಿ ಎಂದು. ಗ್ರಾಹಕಿ ಎರಡನ್ನೂ ನೋಡಿ ಒಪ್ಪಿದರು. ಹಾಳೆ ಅದೇ, ಕೈ ಅದೇ, ವಿನ್ಯಾಸ ಅದೇ. ಬದಲಾದದ್ದು ಅಳತೆಯೊಂದೇ ಎಂದು ಎಲ್ಲರಿಗೂ ಅನಿಸಿತ್ತು. ಈ ಪ್ರಕರಣದ ಮೊದಲ ತಿರುವು ಇದೇ, ಆದರೆ ಆಗ ಯಾರಿಗೂ ಅದು ತಿರುವಿನಂತೆ ಕಾಣಲಿಲ್ಲ. ಒಂದು ತುಂಡು ಕಾಗದ ಗಾತ್ರವನ್ನು ತೋರಿಸಿತು, ಇನ್ನೊಂದು ಬಣ್ಣವನ್ನು ತೋರಿಸಿತು. ಆ ಗಾತ್ರದಲ್ಲಿ ಆ ಹಾಳೆ ಹೇಗೆ ಮಡಿಯುತ್ತದೆ ಎಂಬುದನ್ನು ಎರಡೂ ತೋರಿಸಲಿಲ್ಲ.

ಬಿಳಿ ಗೆರೆ

ಸಂಖ್ಯೆ ದೊಡ್ಡದಿದ್ದರೆ ಇಬ್ಬರೂ ಹಂತಹಂತವಾಗಿ ಕೆಲಸ ಮಾಡುತ್ತಾರೆ: ಎಲ್ಲ ಹಾಳೆಗಳಿಗೂ ಗೀರು (ಮಡಿಕೆ ನೇರ ಬೀಳಲೆಂದು ಒತ್ತಿ ಎಳೆಯುವ ಗೆರೆ), ಆಮೇಲೆ ಎಲ್ಲಕ್ಕೂ ಮಡಿಕೆ, ಆಮೇಲೆ ಎಲ್ಲಕ್ಕೂ ಹೂವು. ಈ ಕ್ರಮಕ್ಕೆ ದೀರ್ಘ ಇತಿಹಾಸವಿದೆ. 19ನೇ ಶತಮಾನದ ನಡುಭಾಗದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ ಎಸ್ತರ್ ಹೌಲ್ಯಾಂಡ್ ಎಂಬ ಮಹಿಳೆ ಲೇಸು, ಬಣ್ಣದ ಕಾಗದ ಅಂಟಿಸಿದ ಪ್ರೇಮಪತ್ರದ ಕಾರ್ಡುಗಳನ್ನು ತಮ್ಮ ಮನೆಯಲ್ಲೇ ಹೆಣ್ಣುಮಕ್ಕಳನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರಿಗೆ ಒಂದೊಂದು ಹಂತ ಹಂಚಿ ಮಾಡಿಸುತ್ತಿದ್ದರು. ಕೈ ಒಂದೇ ಚಲನೆಗೆ ಒಗ್ಗಿದರೆ ಕೆಲಸ ಓಡುತ್ತದೆ, ನಿಜ. ಆದರೆ ತಪ್ಪೂ ಅದೇ ವೇಗದಲ್ಲಿ ಓಡುತ್ತದೆ.

ಅಕ್ಕ ಎರಡು ಸಂಜೆಗಳಲ್ಲಿ 120 ಹಾಳೆಗಳಿಗೂ ನಡುವೆ ಗೀರು ಎಳೆದರು. ಇಂಕು ಮುಗಿದ ಬಾಲ್‌ಪೆನ್ನಿನ ತುದಿ ಅವರ ಸಾಧನ. ಗೀರಿನಿಂದ ಹಿಂಬದಿಯಲ್ಲಿ ಏಳುವ ಸಣ್ಣ ಏಣು ಮಡಿಕೆಯ ಒಳಗೆ ಬರುವಂತೆ ಮಡಿಸಬೇಕು ಎಂಬುದೂ ಅವರಿಗೆ ಗೊತ್ತು, ಹಾಗೆಯೇ ಮಡಿಸಿದರು. ಸುಮಾರು 40 ಕಾರ್ಡುಗಳನ್ನು ಮಡಿಸಿ, ದಪ್ಪ ಪುಸ್ತಕಗಳ ಕೆಳಗಿಟ್ಟು ಮಲಗಿದರು. ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ತೆಗೆದು ನೋಡಿದಾಗ ಪ್ರತಿ ಕಾರ್ಡಿನ ಬೆನ್ನಿನ ಮೇಲೂ ಬಿಳಿ ಗೆರೆ. ಕೆಲವು ಕಡೆ ಎಳೆಯಂತೆ, ಕೆಲವು ಕಡೆ ಕಡುಗೆಂಪು ಮೇಲ್ಪದರ ಸಣ್ಣ ಸಣ್ಣ ಚಕ್ಕೆಯಾಗಿ ಎದ್ದು, ಕೆಳಗಿನ ಬಿಳಿ ತಿರುಳು ಗರಗಸದ ಹಲ್ಲಿನಂತೆ ಕಾಣುತ್ತಿತ್ತು. ಕಾರ್ಡನ್ನು ಇನ್ನೆರಡು ಸಲ ತೆರೆದು ಮುಚ್ಚಿದರೆ ಗೆರೆ ಇನ್ನೂ ಅಗಲವಾಗುತ್ತಿತ್ತು. ರಾತ್ರಿ ದೀಪದಲ್ಲಿ, ಒಮ್ಮೆ ಮಡಿಸಿ ಪಕ್ಕಕ್ಕಿಟ್ಟಾಗ ಅದು ಕಣ್ಣಿಗೆ ಬಿದ್ದಿರಲಿಲ್ಲ.

ಮಾಡಿ ನೋಡಿದ ಉಪಾಯಗಳು

ಅಕ್ಕನಿಗೆ ಮೊದಲು ಅನುಮಾನ ಬಂದದ್ದು ತಮ್ಮ ಕೈಯ ಮೇಲೆ. ಗೀರು ಆಳ ಸಾಲದೆ ಹಾಳೆ ಒತ್ತಾಯದಿಂದ ಮಡಿಯುತ್ತಿದೆ ಎಂದುಕೊಂಡು, ಇನ್ನೊಂದು ಹಾಳೆಯ ಗೀರಿನ ಮೇಲೆಯೇ ಮತ್ತೆ ಬಲವಾಗಿ ಎಳೆದರು. ಮೇಲ್ಪದರ ಗೀರಿನಲ್ಲೇ ಹರಿಯಿತು. ಆಮೇಲೆ ತೀರಾ ಹಗುರವಾಗಿ ಎಳೆದು ನೋಡಿದರು. ಮಡಿಕೆ ಗೀರನ್ನು ಬಿಟ್ಟು ಅಂಕುಡೊಂಕಾಯಿತು. ಮೂರನೆಯದಾಗಿ ಮಡಿಸುವ ಜಾಗವನ್ನು ಒದ್ದೆ ಸ್ಪಂಜಿನಿಂದ ಸವರಿ ಮೆತ್ತಗೆ ಮಾಡಿ ಮಡಿಸಿದರು. ಬಿರುಕು ಕಡಿಮೆಯಾಯಿತು, ಆದರೆ ಒಣಗಿದ ಮೇಲೆ ಹಾಳೆ ಆ ಜಾಗದಲ್ಲಿ ಅಲೆಯಂತೆ ಉಬ್ಬಿ, ಕಾರ್ಡು ಮೇಜಿನ ಮೇಲೆ ಸಮನಾಗಿ ಕೂರದಾಯಿತು.

ಅಷ್ಟರಲ್ಲಿ ತಂಗಿ ಕಡುಗೆಂಪು ಸ್ಕೆಚ್ ಪೆನ್ನಿನಿಂದ ಬಿಳಿ ಗೆರೆಯನ್ನು ತುಂಬಲು ಕುಳಿತಿದ್ದರು. ದೂರದಿಂದ ನೋಡಿದರೆ ಪರವಾಗಿಲ್ಲ ಎನಿಸುವಂತಿತ್ತು. ಹತ್ತಿರ ತಂದರೆ ಪೆನ್ನಿನ ಕೆಂಪೇ ಬೇರೆ, ಹಾಳೆಯ ಕೆಂಪೇ ಬೇರೆ. ಪೆನ್ನಿನದು ಸ್ವಲ್ಪ ನೇರಳೆಗೆ ತಿರುಗುತ್ತಿತ್ತು. ಮೇಲಾಗಿ, ಕಾರ್ಡನ್ನು ಮತ್ತೆ ತೆರೆದರೆ ಹೊಸ ಬಿಳಿ ಕಾಣಿಸುತ್ತಿತ್ತು. ಬೆನ್ನಿಗೆ ರಿಬ್ಬನ್ ಕಟ್ಟಿ ಮುಚ್ಚಿಬಿಡೋಣವೇ ಎಂಬ ಮಾತೂ ಬಂತು. ಒಂದು ಕಾರ್ಡಿಗೆ ಕಟ್ಟಿಯೂ ನೋಡಿದರು, ಚೆನ್ನಾಗಿಯೇ ಇತ್ತು. 120 ರಿಬ್ಬನ್ ಕಟ್ಟುವುದಕ್ಕೂ ಅವರು ಹೇಸುವವರಲ್ಲ.

ಈ ಹಂತದಲ್ಲಿ ಬಹಳ ಮಂದಿ ರಿಬ್ಬನ್ನಿಗೆ ಒಪ್ಪಿಬಿಡುತ್ತಾರೆ. ನಾನು ಕಂಡ ಇಂಥ ಹಲವು ಕೆಲಸಗಳಲ್ಲಿ ಅಲಂಕಾರ ಹೆಚ್ಚಾದದ್ದು ಹೀಗೆಯೇ: ಒಂದು ದೋಷ ಮುಚ್ಚಲು ರಿಬ್ಬನ್, ರಿಬ್ಬನ್ನಿನ ಗಂಟು ಮುಚ್ಚಲು ಹೂವು, ಹೂವು ಒಂಟಿಯಾಗಿ ಕಂಡದ್ದಕ್ಕೆ ಮಿನುಗು. ಇಲ್ಲಿ ಹಾಗಾಗಲಿಲ್ಲ. ಕಾರಣ ತಂಗಿಯ ಒಂದು ಪ್ರಶ್ನೆ: “ಅಲ್ಲ ಅಕ್ಕಾ, ಇದೇ ಹಾಳೆಯ ಚಿಕ್ಕ ಕಾರ್ಡು ಯಾವತ್ತೂ ಬಿರಿದಿಲ್ಲವಲ್ಲ, ಅದು ಯಾಕೆ?”

ದಿಕ್ಕು

ಅಕ್ಕ ಅದೇ ಕಟ್ಟಿನಿಂದ ಒಂದು ಹೊಸ ಹಾಳೆ ತೆಗೆದು, ನಡುವೆ ಕತ್ತರಿಸಿ, ಚಿಕ್ಕ ಕಾರ್ಡು ಮಡಿಸಿದರು. ಬಿರುಕಿಲ್ಲ. ತೆರೆದರು, ಮುಚ್ಚಿದರು, ಉಗುರಿನಿಂದ ಒತ್ತಿದರು. ಬಿರುಕಿಲ್ಲ. ಉಳಿದ ಅರ್ಧವನ್ನು ಬೇಕೆಂದೇ ಇನ್ನೊಂದು ದಿಕ್ಕಿಗೆ, ಉದ್ದದ ಬದಿಗೆ ಸಮಾಂತರವಾಗಿ ಮಡಿಸಿದರು. ತಕ್ಷಣ ಬಿಳಿ ಗೆರೆ. ಹಾಳೆ, ಪೆನ್ನು, ಕೈ ಎಲ್ಲವೂ ಒಂದೇ. ಬೇರೆಯಾದದ್ದು ಮಡಿಕೆಯ ದಿಕ್ಕು.

ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ನಾರುಗಳು ಎಲ್ಲ ಕಡೆಗೂ ಒಂದೇ ರೀತಿ ಹರಡಿಕೊಂಡಿರುವುದಿಲ್ಲ. ನೀರಿನಲ್ಲಿ ಕಲಸಿದ ತಿರುಳು ಚಲಿಸುವ ಜಾಲರಿಯ ಮೇಲೆ ಬೀಳುವಾಗ ಹೆಚ್ಚಿನ ನಾರುಗಳು ಯಂತ್ರ ಸಾಗುವ ದಿಕ್ಕಿಗೇ ಮಲಗುತ್ತವೆ. ಆ ದಿಕ್ಕಿಗೆ ಸಮಾಂತರವಾಗಿ ಮಡಿಸಿದರೆ ನಾರುಗಳ ನಡುವೆ ಮಡಿಕೆ ಬೀಳುತ್ತದೆ. ಅಡ್ಡವಾಗಿ ಮಡಿಸಿದರೆ ನಾರುಗಳೇ ಬಾಗಬೇಕು, ಮುರಿಯಬೇಕು. ಮೇಲಿನ ಬಣ್ಣದ ಪದರ ಆ ಎಳೆತ ತಾಳದೆ ಬಿರಿಯುತ್ತದೆ. ತೆಳು ಕಾಗದದಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. 300 ಜಿಎಸ್‌ಎಂ ಹಾಳೆಯಲ್ಲಿ, ಅದೂ ಕಡುಬಣ್ಣದ ಕೆಳಗೆ ಬಿಳಿ ತಿರುಳಿದ್ದರೆ, ಕಣ್ಣಿಗೆ ಹೊಡೆಯುತ್ತದೆ. ಅಚ್ಚಿನಲ್ಲಿ ಒಂದೊಂದೇ ಎತ್ತಿದ ಕೈಕಾಗದದಲ್ಲಿ ನಾರು ಹೆಚ್ಚುಕಡಿಮೆ ಎಲ್ಲ ದಿಕ್ಕಿಗೂ ಚದುರಿರುವುದರಿಂದ ಈ ಕಾಟ ಬಹುಮಟ್ಟಿಗೆ ಇಲ್ಲ.

ಅವರ ಎ4 ಹಾಳೆಯಲ್ಲಿ ನಾರು 297 ಮಿಲಿಮೀಟರಿನ ಉದ್ದಕ್ಕೆ ಮಲಗಿತ್ತು. ಹಾಳೆಯನ್ನು ನಡುವೆ ಕತ್ತರಿಸಿದಾಗ ಆ ಉದ್ದವೇ ಅರ್ಧವಾಗಿ ಎ5 ತುಂಡಿನ ಚಿಕ್ಕ ಬದಿಯಾಗುತ್ತದೆ. ಎ5 ತುಂಡನ್ನು ಮಡಿಸುವುದು ಚಿಕ್ಕ ಬದಿಗೆ ಸಮಾಂತರವಾಗಿ, ಅಂದರೆ ನಾರಿನ ಉದ್ದಕ್ಕೇ. ವರ್ಷಗಟ್ಟಲೆ ಚಿಕ್ಕ ಕಾರ್ಡು ಅವರಿಗೆ ಅರಿವಿಲ್ಲದೆಯೇ ಸರಿಯಾದ ದಿಕ್ಕಿನಲ್ಲಿ ಮಡಿಯುತ್ತಾ ಬಂದಿತ್ತು. ಪೂರ್ತಿ ಎ4 ಹಾಳೆಯನ್ನು ಮಡಿಸಿದೊಡನೆ ಮಡಿಕೆ ನಾರಿಗೆ ಅಡ್ಡ ಬಿತ್ತು. ಅನುಭವಿಗಳಿಗೆ ಈ ದೋಷ ಹೊಳೆಯದಿರಲು ಅವರ ಅನುಭವವೇ ಕಾರಣವಾಗಿತ್ತು.

ದಿಕ್ಕು ಪತ್ತೆಹಚ್ಚಲು ಹಾಳೆಯನ್ನು ಹಾಳುಮಾಡಬೇಕಿಲ್ಲ. ಮೇಜಿನ ಮೇಲಿಟ್ಟು, ಎದುರುಬದುರು ಅಂಚುಗಳನ್ನು ಒಂದರ ಮೇಲೊಂದು ತಂದು, ಗೆರೆ ಬೀಳದಷ್ಟು ಹಗುರವಾಗಿ ಬಾಗಿದ ಭಾಗವನ್ನು ಅಂಗೈಯಿಂದ ಒತ್ತಬೇಕು. ಹಾಳೆ ಅಂಗೈಯನ್ನು ಎಷ್ಟು ಬಲವಾಗಿ ತಳ್ಳುತ್ತದೆ ಎಂದು ಗಮನಿಸಿ, ಆಮೇಲೆ ಇನ್ನೆರಡು ಅಂಚುಗಳನ್ನು ಹಾಗೆಯೇ ತರಬೇಕು. ಯಾವ ಬಾಗಿನಲ್ಲಿ ಹಾಳೆ ಸುಲಭವಾಗಿ ಸೋಲುತ್ತದೆಯೋ ಆ ಬಾಗಿಗೆ ಸಮಾಂತರವಾಗಿ ನಾರು ಇದೆ ಎಂದರ್ಥ. ಅನುಮಾನ ಉಳಿದರೆ ತುಂಡೊಂದನ್ನು ಹರಿದು ನೋಡಬಹುದು: ನಾರಿನ ಉದ್ದಕ್ಕೆ ಹರಿದರೆ ಸಾಕಷ್ಟು ನೇರ, ಅಡ್ಡ ಹರಿದರೆ ಚಿಂದಿ. ಕೆಲವು ಕಟ್ಟುಗಳ ಮೇಲೆ ಅಳತೆಯ ಒಂದು ಅಂಕಿಯ ಕೆಳಗೆ ಗೆರೆ ಎಳೆದಿರುತ್ತಾರೆ. ಆ ಬದಿಗೆ ಸಮಾಂತರವಾಗಿ ನಾರು ಇರುತ್ತದೆ.

ಫೋನ್ ಮಾಡುವುದೇ, ಬೇಡವೇ

ಕಾರಣ ತಿಳಿದ ಮೇಲೆ ದಾರಿಗಳು ಮೂರು ಉಳಿದವು. ನಾರು ಉದ್ದಕ್ಕೆ ಮಲಗಿರುವ ಎ3 ಹಾಳೆ ತರಿಸಿ, ಅದನ್ನು ನಡುವೆ ಕತ್ತರಿಸಿ ಎ4 ಮಾಡಿಕೊಂಡರೆ ನಾರು ಮಡಿಕೆಗೆ ಸಮಾಂತರವಾಗುತ್ತದೆ. ಇದು ಶುದ್ಧ ಪರಿಹಾರ, ಆದರೆ ಅದೇ ಬಣ್ಣ ಆ ಅಳತೆಯಲ್ಲಿ ಬರಲು ಹತ್ತು ದಿನ ಬೇಕಿತ್ತು, ಮೊದಲಿನ 120 ಹಾಳೆಗಳೂ ವ್ಯರ್ಥ. ಎರಡನೆಯದು, ಇರುವ ಹಾಳೆಗಳನ್ನು ಕತ್ತರಿಸಿ ಚಿಕ್ಕ ಕಾರ್ಡಿಗೇ ಮರಳುವುದು. ಗ್ರಾಹಕಿ ದೊಡ್ಡದು ಕೇಳಿದ್ದರು. ಮೂರನೆಯದು ತಂಗಿಯ ಯೋಚನೆ: ದಪ್ಪ ಹಾಳೆಯನ್ನು ಮಡಿಸುವುದೇ ಬೇಡ. 160 ಜಿಎಸ್‌ಎಂನ ಕೆನೆಬಣ್ಣದ ಎ4 ಹಾಳೆ ಮಡಿಕೆಯನ್ನು ಹೊರಲಿ, ಕಡುಗೆಂಪು ಹಾಳೆ ಅದರ ಮುಖದ ಮೇಲೆ ಚಪ್ಪಟೆ ಫಲಕವಾಗಿ ಕೂರಲಿ.

ಇಲ್ಲಿ ಇಬ್ಬರಿಗೂ ಜಟಾಪಟಿಯಾಯಿತು. ಹೊಸ ಮಾದರಿ ಪೂರ್ತಿ ಸಿದ್ಧವಾಗುವವರೆಗೆ ಗ್ರಾಹಕಿಗೆ ಏನೂ ಹೇಳುವುದು ಬೇಡ ಎಂದು ಅಕ್ಕ. ಈಗಲೇ ಹೇಳಬೇಕು ಎಂದು ತಂಗಿ. ಅಕ್ಕನ ವಾದಕ್ಕೂ ತೂಕವಿತ್ತು: ಪರಿಹಾರವಿಲ್ಲದ ಸಮಸ್ಯೆಯನ್ನು ಹೇಳಿದರೆ ಗ್ರಾಹಕರಿಗೆ ಆತಂಕ ಬಿಟ್ಟು ಬೇರೇನೂ ಸಿಗುವುದಿಲ್ಲ. ಕೊನೆಗೆ ಒಂದು ಮಾದರಿ ಮಾಡಿ, ಅದರೊಂದಿಗೆ ಬಿರಿದ ಕಾರ್ಡನ್ನೂ ಅದೇ ಸಂಜೆ ಒಯ್ದು ತೋರಿಸುವುದೆಂದು ನಿರ್ಧಾರವಾಯಿತು. ಬಿರಿದ ಕಾರ್ಡನ್ನು ಒಯ್ದದ್ದು ಮುಖ್ಯ. ಅದಿಲ್ಲದಿದ್ದರೆ ಹೊಸ ವಿನ್ಯಾಸ ಅವರ ಮನಸ್ಸಿನ ಚಾಂಚಲ್ಯದಂತೆ ಕಾಣುತ್ತಿತ್ತು.

ಗ್ರಾಹಕಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ ಹೇಳಿದ ಮಾತು ಸಹೋದರಿಯರು ನಿರೀಕ್ಷಿಸಿದ್ದಲ್ಲ: “ಅಮ್ಮನ ವಯಸ್ಸಿನವರು ಕನ್ನಡಕ ಹುಡುಕದೆ ಓದುವಂತಿರಬೇಕು ಎಂದು ದೊಡ್ಡದು ಕೇಳಿದೆ ಅಷ್ಟೇ. ಮಡಿಕೆ ಯಾವುದಾದರೇನು, ಅಕ್ಷರ ದಪ್ಪಗಿರಲಿ.” ದೊಡ್ಡ ಕಾರ್ಡು ಕೇಳಿದ್ದರ ಹಿಂದಿದ್ದದ್ದು ದೊಡ್ಡ ಅಕ್ಷರದ ಆಸೆ. ಮೊದಲ ದಿನವೇ ‘ಯಾಕೆ ದೊಡ್ಡದು?’ ಎಂದು ಕೇಳಿದ್ದರೆ, ಹಳೆಯ ಅಳತೆಯಲ್ಲೇ ಒಕ್ಕಣೆಯನ್ನು ಕಡಿಮೆ ಮಾಡಿ ಅಕ್ಷರ ಹಿಗ್ಗಿಸುವ ದಾರಿಯೂ ತೆರೆದಿರುತ್ತಿತ್ತು.

ಹೊಸ ಕ್ರಮದಲ್ಲಿ ಇನ್ನೊಂದು ಲಾಭ ಬಂತು, ಅದನ್ನು ಲೆಕ್ಕ ಹಾಕಿದ್ದು ತಂಗಿ. ಗೀರು ಬಿದ್ದ ಎ4 ಹಾಳೆಯನ್ನು ಗೀರಿನ ಮೇಲೇ ಕತ್ತರಿಸಿದರೆ ಎರಡು ಫಲಕಗಳು. ಕಾರ್ಡಿಗೆ ಬೇಕಾದದ್ದು ಒಂದೇ. ಫಲಕವನ್ನು 140 × 200 ಮಿಲಿಮೀಟರಿಗೆ ಟ್ರಿಮ್ ಮಾಡುವುದರಿಂದ ಬಿರಿದ ಅಂಚೂ ಉದುರಿಹೋಗುತ್ತದೆ. ಹಾಗಾಗಿ ಬಿರಿದ 40 ಹಾಳೆಗಳಿಂದಲೇ 80 ಫಲಕ, ಇನ್ನು 20 ಹಾಳೆಗಳಿಂದ ಉಳಿದ 40. ಒಂದು ಹಾಳೆಯೂ ಕಸಕ್ಕೆ ಹೋಗಲಿಲ್ಲ. 60 ಹಾಳೆಗಳು ಮಿಕ್ಕವು. ಸುತ್ತಲೂ ನಾಲ್ಕೈದು ಮಿಲಿಮೀಟರ್ ಕೆನೆಬಣ್ಣದ ಚೌಕಟ್ಟು ಉಳಿದದ್ದರಿಂದ ಫಲಕ ಕೂದಲೆಳೆ ಆಚೀಚೆ ಕೂತರೂ ಕಾಣುತ್ತಿರಲಿಲ್ಲ. ಕೈಗೆ ಸಿಗುವ ತೂಕವೂ ಬದಲಾಗಲಿಲ್ಲ: ಪೂರ್ತಿ ದಪ್ಪ ಹಾಳೆಯ ಕಾರ್ಡು 18.7 ಗ್ರಾಂ ಆಗುತ್ತಿತ್ತು, ಹೊಸದು 18.4. ಒಕ್ಕಣೆಯನ್ನು ಕೆನೆ ಹಾಳೆಯ ಮೇಲೇ ನೇರವಾಗಿ ಮುದ್ರಿಸಬಹುದಾದ್ದರಿಂದ ಒಳಗೆ ಬೇರೆ ಹಾಳೆ ಅಂಟಿಸುವ ಕೆಲಸವೂ ತಪ್ಪಿತು.

ಅಂಟಿನ ವಿಷಯದಲ್ಲಿ ಮಾತ್ರ ಮತ್ತೊಂದು ಪಾಠವಾಯಿತು. ಮೊದಲ ಕೆಲವು ಫಲಕಗಳನ್ನು ಬಿಳಿ ಅಂಟಿನಿಂದ ಪೂರ್ತಿ ಮೆತ್ತಿದರು. ಬಿಳಿ ಅಂಟಿನಲ್ಲಿ ನೀರಿದೆ; ನೀರು ಕುಡಿದ ನಾರು ಉದ್ದಕ್ಕಿಂತ ಅಗಲಕ್ಕೆ ಬಹಳ ಹೆಚ್ಚು ಉಬ್ಬುತ್ತದೆ. ಫಲಕ ಮತ್ತು ಹಾಳೆಗಳ ನಾರು ಅದೃಷ್ಟವಶಾತ್ ಒಂದೇ ದಿಕ್ಕಿಗಿತ್ತು, ಅಡ್ಡಡ್ಡವಾಗಿದ್ದರೆ ಅವು ಒಂದನ್ನೊಂದು ತಿರುಚುತ್ತಿದ್ದವು. ಆದರೂ ತೆಳುವಾದ ಕೆನೆ ಹಾಳೆ ನೀರು ಕುಡಿದು ಸುಕ್ಕಾಯಿತು. ಉಳಿದವನ್ನೆಲ್ಲ ಎರಡೂ ಬದಿ ಅಂಟುವ ಟೇಪಿನಿಂದ ಕೂರಿಸಿದರು: ನಾಲ್ಕು ಅಂಚಿಗೆ ನಾಲ್ಕು ಪಟ್ಟಿ, ನಡುವೆ ಒಂದು. ಇದಕ್ಕೂ ಒಂದು ಮಿತಿ ಇದೆ. ಅಗ್ಗದ ಟೇಪಿನ ಅಂಟು ವರ್ಷಗಳು ಕಳೆದಂತೆ ಹಳದಿಗಟ್ಟಿ ಬಿಟ್ಟುಕೊಳ್ಳಬಹುದು. ಜತನದಿಂದ ಇಟ್ಟುಕೊಳ್ಳುವ ಕಾರ್ಡಿಗೆ ಆಮ್ಲರಹಿತ ಎಂದು ಬರೆದ ಟೇಪೇ ಬೇಕು.

ಮುಖದ ಮೇಲಿನ ಹೂವಿನ ಕಥೆ ಚಿಕ್ಕದು. ಫೋಮಿನ ತುಂಡುಗಳ ಮೇಲೆ ಎತ್ತರಿಸಿದ ಮೂರು ಪದರದ ಹೂವಿದ್ದ ಕಾರ್ಡು ಸಿ5 ಲಕೋಟೆಯೊಳಗೆ ಬಿಗಿಯಾಯಿತು, ಲಕೋಟೆಯ ಮೇಲೆ ಹೂವಿನ ಉಬ್ಬು ಮೂಡಿತು. ಅಂಚೆಯಲ್ಲಿ ಕಟ್ಟಿನ ನಡುವೆ ಸಿಕ್ಕರೆ ಹೂವು ಅಪ್ಪಚ್ಚಿಯಾಗುವುದು ಖಂಡಿತ. ಪದರ ಎರಡಕ್ಕಿಳಿಸಿ, ಫೋಮ್ ತೆಗೆದು, ದಳಗಳನ್ನು ಮಾತ್ರ ಬೆರಳಿನಿಂದ ತುಸು ಮೇಲಕ್ಕೆ ಬಾಗಿಸಿದರು. ಕಾರ್ಡುಗಳು ನಿಗದಿಗಿಂತ ಎರಡು ದಿನ ತಡವಾಗಿ ಅಂಚೆಗೆ ಹೋದವು.

ಸಭಾಂಗಣ

ಕಾರ್ಡಿನಲ್ಲಿ ಕಲಿತದ್ದು ಅಲಂಕಾರದಲ್ಲಿ ಕೂಡಲೇ ಉಪಯೋಗಕ್ಕೆ ಬಂತು. ಮೂಲ ಯೋಜನೆಯಲ್ಲಿ 40 ಟಿಶ್ಯೂ ಚೆಂಡುಗಳು ಸಭಾಂಗಣದ ಉದ್ದಗಲಕ್ಕೂ ತೂಗಬೇಕಿತ್ತು. ತಂಗಿ ಈ ಬಾರಿ ಮಾದರಿಯನ್ನು ಮನೆಯಲ್ಲಿ ಮಾಡದೆ ಸಭಾಂಗಣಕ್ಕೇ ಒಯ್ದರು. ಮನೆಯಲ್ಲಿ ತುಂಬಿಕೊಂಡಂತೆ ಕಾಣುತ್ತಿದ್ದ ಚೆಂಡು ಅಲ್ಲಿನ ಎತ್ತರದ ಸೂರಿನ ಕೆಳಗೆ ನಿಂಬೆಹಣ್ಣಿನಷ್ಟು ಕಂಡಿತು.

ಇನ್ನೊಂದು ಲೆಕ್ಕವೂ ಅಲ್ಲೇ ಹೊರಬಿತ್ತು. ಟಿಶ್ಯೂ ಚೆಂಡನ್ನು ಅರಳಿಸಿ ಒಯ್ಯಲಾಗದು, ಸಾಗಿಸುವಷ್ಟರಲ್ಲಿ ನಜ್ಜುಗುಜ್ಜಾಗುತ್ತದೆ. ಹತ್ತು ಹಾಳೆ ಒಟ್ಟಿಗಿಟ್ಟು, ಬೀಸಣಿಗೆಯಂತೆ ಮಡಿಸಿ, ನಡುವೆ ತೆಳು ತಂತಿ ಬಿಗಿದು, ತುದಿಗಳನ್ನು ದುಂಡಗೆ ಕತ್ತರಿಸುವಷ್ಟು ಕೆಲಸ ಮನೆಯಲ್ಲಿ ಮುಗಿಯುತ್ತದೆ. ಅರಳಿಸುವುದು ಸ್ಥಳದಲ್ಲೇ. ಅದು ಅವಸರಕ್ಕೆ ಬಗ್ಗುವ ಕೆಲಸವಲ್ಲ. ಮೇಲಿನ ಹಾಳೆಯನ್ನು ಅಂಚಿನಲ್ಲಿ ಹಿಡಿದರೆ ಹರಿಯುತ್ತದೆ. ತಂತಿಯ ಹತ್ತಿರ, ಮಡಿಕೆಯ ಬುಡದಲ್ಲಿ ಎರಡು ಬೆರಳಿನಿಂದ ಹಿಡಿದು, ಒಂದೊಂದೇ ಪದರವನ್ನು ನಡುವಿನ ಕಡೆಗೆ ಎತ್ತಬೇಕು. ಮೊದಲ ನಾಲ್ಕು ಪದರ ನೆಟ್ಟಗೆ ನಿಲ್ಲುವಂತೆ, ನಡುವಿನವು ತುಸು ಓರೆ, ಕೊನೆಯವು ಕೆಳಕ್ಕೆ. ಒಂದು ಚೆಂಡಿಗೆ ಕಾಲು ಗಂಟೆ ಹಿಡಿಯುತ್ತದೆ. 40 ಚೆಂಡಿಗೆ ಹತ್ತು ಗಂಟೆ. ಸಭಾಂಗಣ ಅವರಿಗೆ ಸಿಗುವುದು ಹಿಂದಿನ ಮಧ್ಯಾಹ್ನದಿಂದ ಸಂಜೆಯವರೆಗೆ, ನಾಲ್ಕು ಗಂಟೆ, ಕೈಗಳು ಇಬ್ಬರವು, ನೇತುಹಾಕುವ ಕೆಲಸ ಬೇರೆ.

“ನಮ್ಮ ಮನೆಯವರೇ ಹತ್ತು ಜನ ಬರುತ್ತಾರೆ, ಎಲ್ಲರೂ ಕೈ ಹಾಕಿದರೆ ಆಗುವುದಿಲ್ಲವೇ?” ಎಂದು ಗ್ರಾಹಕಿ ಕೇಳಿದರು. ತಂಗಿ ಒಪ್ಪಲಿಲ್ಲ. ಅಭ್ಯಾಸವಿಲ್ಲದ ಹತ್ತು ಕೈಗಳು ಟಿಶ್ಯೂ ಕಾಗದಕ್ಕೆ ಏನು ಮಾಡುತ್ತವೆ ಎಂದು ಅವರಿಗೆ ಗೊತ್ತಿತ್ತು. ದಾರ ಅಳೆದು ಕತ್ತರಿಸುವುದು, ಏಣಿ ಹಿಡಿಯುವುದು, ಗಂಟು ಹಾಕುವುದು ಮನೆಯವರಿಗೆ. ಅರಳಿಸುವುದು ತಮಗೆ ಎಂದು ಹಂಚಿದರು. ಚೆಂಡುಗಳನ್ನು 18ಕ್ಕೆ ಇಳಿಸಿ, ಮೂರು ಗಾತ್ರದಲ್ಲಿ ಮಾಡಿ, ಎಲ್ಲವನ್ನೂ ವೇದಿಕೆಯ ಹಿಂಬದಿಯಲ್ಲೇ ಮೇಲುಕೆಳಗಾಗಿ ಒತ್ತೊತ್ತಾಗಿ ತೂಗುಹಾಕಲು ನಿರ್ಧರಿಸಿದರು. ಬಾಗಿಲಿಗೆ ಒಂದು ತೋರಣ. ಉಳಿದ ಗೋಡೆಗಳು ಖಾಲಿ. ಅಕ್ಕನಿಗೆ ಈ ಖಾಲಿ ಗೋಡೆ ಕೊನೆಯವರೆಗೂ ಚುಚ್ಚುತ್ತಿತ್ತು. ನನ್ನ ಮಟ್ಟಿಗೆ ತಂಗಿಯದೇ ಸರಿ: ಕಾಗದದ ಅಲಂಕಾರ ಎಲ್ಲೆಡೆ ಸ್ವಲ್ಪ ಸ್ವಲ್ಪ ಇದ್ದರೆ ಮರೆತು ಬಿಟ್ಟುಹೋದದ್ದರಂತೆ ಕಾಣುತ್ತದೆ, ಒಂದೆಡೆ ತುಂಬಿದ್ದರೆ ಮಾತ್ರ ಬೇಕೆಂದು ಮಾಡಿದ್ದೆಂದು ತೋರುತ್ತದೆ. ಎಲ್ಲ ಫೋಟೋಗಳೂ ಹೇಗಿದ್ದರೂ ವೇದಿಕೆಯ ಮುಂದೆಯೇ.

ಊಟದ ಮೇಜುಗಳಿಗೆಂದು ಮಾಡಿಟ್ಟಿದ್ದ ಕ್ರೇಪ್ ಹೂಗಳನ್ನು ಕೊನೆಗೆ ಕೈಬಿಟ್ಟರು. ಕ್ರೇಪ್ ಕಾಗದದ ಬಣ್ಣ ನೀರಿಗೆ ನಿಲ್ಲುವುದಿಲ್ಲ. ಒಂದು ದಳವನ್ನು ಒದ್ದೆ ಬಟ್ಟೆಯ ಮೇಲಿಟ್ಟು ಕ್ಷಣಹೊತ್ತು ಬಿಟ್ಟರೆ ಕೆಂಪು ಕಲೆ ಹರಡಿತು. ಮೇಜಿನ ಮೇಲೆ ಬಿಳಿ ಬಟ್ಟೆ, ನೀರಿನ ಲೋಟಗಳು. ಆ ಹೂಗಳು ವೇದಿಕೆಗೆ ಹೋದವು. ಹೂಗಳ ನಡುವೆ ಮೇಣದಬತ್ತಿ ಇಡೋಣ ಎಂಬ ಬೇಡಿಕೆಗೆ ಅಕ್ಕ ಚರ್ಚೆಗೂ ಅವಕಾಶ ಕೊಡಲಿಲ್ಲ. ಟಿಶ್ಯೂ, ಕ್ರೇಪ್ ಎರಡೂ ಕಿಡಿ ಸೋಕಿದರೆ ಸಾಕು. ಬ್ಯಾಟರಿಯ ಎಲ್‌ಇಡಿ ದೀಪಗಳು ಬಂದವು.

ಒಂದು ಎಡವಟ್ಟು ಆಗಿಯೇ ಆಯಿತು. ಬಾಗಿಲ ತೋರಣವನ್ನು ಗೋಡೆಗೆ ಟೇಪಿನಿಂದ ಅಂಟಿಸಿದ್ದರು. ಧೂಳು ಹಿಡಿದ ಸುಣ್ಣದ ಗೋಡೆಗೆ ಟೇಪು ನಿಲ್ಲದೆ ರಾತ್ರಿ ಅರ್ಧ ಕಳಚಿ ನೆಲ ಮುಟ್ಟಿತ್ತು. ಬೆಳಿಗ್ಗೆ ಬಾಗಿಲ ಚೌಕಟ್ಟಿನ ಎರಡೂ ಕಡೆಗೆ ದಾರ ಬಿಗಿದು ಅದಕ್ಕೆ ಕಟ್ಟಿದರು. ಸಮಾರಂಭ ಮುಗಿಯುವವರೆಗೂ ನಿಂತಿತು.

ಆಮೇಲೆ

ಹಂತಹಂತವಾಗಿ ಮಾಡುವ ಕ್ರಮವನ್ನು ಅವರು ಬಿಟ್ಟಿಲ್ಲ, ಬಿಡಬೇಕಾದ ಕಾರಣವೂ ಇಲ್ಲ. ಈಗ ಮೊದಲು ಐದು ಕಾರ್ಡುಗಳನ್ನು ಗೀರಿನಿಂದ ಹಿಡಿದು ಲಕೋಟೆ ಮುಚ್ಚುವವರೆಗೆ ಪೂರ್ತಿ ಮುಗಿಸುತ್ತಾರೆ. ಒಂದನ್ನು ಹಗಲಿನ ಬೆಳಕಿನಲ್ಲಿ ಹತ್ತಾರು ಸಲ ತೆರೆದು ಮುಚ್ಚುತ್ತಾರೆ. ಒಂದನ್ನು ತಮ್ಮ ವಿಳಾಸಕ್ಕೇ ಅಂಚೆಯಲ್ಲಿ ಹಾಕುತ್ತಾರೆ. ಅದು ಮನೆಗೆ ಬಂದು ತಲುಪಿದ ಸ್ಥಿತಿ ನೋಡಿಯೇ ಉಳಿದವಕ್ಕೆ ಕೈ ಹಾಕುವುದು. ಅಕ್ಕನ ಪ್ರಕಾರ ಇದರಲ್ಲಿ ಹಲವು ದಿನ ವ್ಯರ್ಥ. ತಂಗಿ ಆ ದಿನಗಳನ್ನು ಆರ್ಡರ್ ಒಪ್ಪಿಕೊಳ್ಳುವಾಗಲೇ ಸೇರಿಸಿ ಹೇಳುತ್ತಾರೆ.

ಕೆಟ್ಟ ಕೆಲಸದ ಖರ್ಚು ಯಾರದು ಎಂಬುದು ಇಬ್ಬರ ನಡುವೆ ಇನ್ನೂ ತೀರ್ಮಾನವಾಗಿಲ್ಲ. ಈ ಪ್ರಕರಣದಲ್ಲಿ ಕೆನೆ ಹಾಳೆಯ ಖರ್ಚನ್ನು ಅವರೇ ಹೊತ್ತರು, ಗ್ರಾಹಕಿ ಕೇಳಲಿಲ್ಲ. ಮಾದರಿ ಒಪ್ಪಿದ್ದು ಗ್ರಾಹಕಿಯೇ ಎಂದು ಅಕ್ಕ ಹೇಳುತ್ತಾರೆ. ಒಪ್ಪಿದ್ದು ಚಿಕ್ಕ ಕಾರ್ಡನ್ನು, ಮಾಡಿದ್ದು ದೊಡ್ಡದನ್ನು ಎಂದು ತಂಗಿಯ ಉತ್ತರ. ನಾನು ತಂಗಿಯ ಪಕ್ಷ: ಮಾದರಿ ಎಂದು ಕೊಟ್ಟದ್ದು ಅದೇ ಹಾಳೆ, ಅದೇ ಅಳತೆ, ಅದೇ ಮಡಿಕೆಯದಾಗಿದ್ದರೆ ಮಾತ್ರ ಗ್ರಾಹಕರ ಒಪ್ಪಿಗೆಗೆ ಬೆಲೆ. ಇಲ್ಲದಿದ್ದರೆ ಅವರು ಒಪ್ಪಿದ್ದು ಯಾವುದಕ್ಕೆ ಎಂದು ಅವರಿಗೂ ಗೊತ್ತಿರುವುದಿಲ್ಲ, ನಮಗೂ ಗೊತ್ತಿರುವುದಿಲ್ಲ.

ಆರ್ಡರ್ ಬರೆದುಕೊಳ್ಳುವ ಪುಸ್ತಕದಲ್ಲಿ ತಂಗಿ ಎರಡು ಹೊಸ ಕಲಂ ಸೇರಿಸಿದ್ದಾರೆ. ಒಂದು, ಹಳೆಯ ವಿನ್ಯಾಸದಿಂದ ಏನು ಬದಲಾಗಿದೆ. ಇನ್ನೊಂದು, ಆ ಬದಲಾವಣೆ ಯಾಕೆ ಬೇಕು. ಬಣ್ಣ ಬದಲಾದರೆ ತಿರುಳಿನ ಬಣ್ಣ ನೋಡುತ್ತಾರೆ, ಅಳತೆ ಬದಲಾದರೆ ನಾರಿನ ದಿಕ್ಕು, ಹೂವು ದಪ್ಪವಾದರೆ ಲಕೋಟೆ. ಹಾಳೆಯ ಕಟ್ಟು ಬಂದ ದಿನವೇ ಅಕ್ಕ ಅಂಗೈಯಿಂದ ಬಾಗಿಸಿ ನೋಡಿ, ಪ್ರತಿ ಹಾಳೆಯ ಹಿಂಬದಿಯ ನಾಲ್ಕೂ ಮೂಲೆಗೆ ಪೆನ್ಸಿಲ್ಲಿನಿಂದ ನಾರಿನ ದಿಕ್ಕಿಗೆ ಸಣ್ಣ ಬಾಣ ಹಾಕುತ್ತಾರೆ. ನಾಲ್ಕು ಮೂಲೆಗೂ ಏಕೆಂದರೆ, ಹಾಳೆಯನ್ನು ಎರಡೋ ನಾಲ್ಕೋ ಆಗಿ ಕತ್ತರಿಸಿದ ಮೇಲೂ ಪ್ರತಿ ತುಂಡಿನ ಮೇಲೆ ಒಂದಾದರೂ ಬಾಣ ಉಳಿಯುತ್ತದೆ.